ಸ್ಪ್ರಿಂಗಿನ ಸಿಟ್ಟು ಇಳಿಸುವ ಕೈ

ಕಬ್ಬಿನ ಹಂಗಾಮು ಮುಗಿಯುತ್ತಲೇ ಕೃಷ್ಣೆಯ ದಂಡೆಯ ಅಂಕಲಿಯಲ್ಲಿ ಗ್ಯಾರೇಜಿನವರ ಹಂಗಾಮು ಸುರುವಾಗುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಎರೆಮಣ್ಣಿನ ಗಾಲಿಜಾಡಿನಲ್ಲಿ ಕುಣಿದು ದಣಿದ ಬೊಲೆರೊ, ಸ್ಕಾರ್ಪಿಯೊ, ಥಾರ್‌ಗಳು ಒಂದು ಮಗ್ಗುಲಿಗೆ ವಾಲಿಕೊಂಡು ಬಂದು ನಿಲ್ಲುತ್ತವೆ. ನಾನು ಅಲ್ಲಿನ ಒಂದು ಗ್ಯಾರೇಜಿಗೆ ಹೋದ ದಿನ ಹಳೆಯ ಸ್ಕಾರ್ಪಿಯೊ ಒಂದರ ಹಿಂಭಾಗದ ಎಡಮಗ್ಗುಲು ಕುಸಿದಿತ್ತು. ಮಿಸ್ತ್ರಿ ಪಾನಾ ಮುಟ್ಟಲಿಲ್ಲ. ಟೇಪು ತೆಗೆದುಕೊಂಡು ಗಾಲಿಯ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡರು.

“ಮೂರು ಸೆಂಟಿಮೀಟರ್ ಕುಂತೈತ್ರಿ. ಒಳಗ ಮುರದಿರಬೇಕು.”

ಮುರಿದೇ ಇತ್ತು, ಅದೂ ತೀರಾ ಕೆಳಗಿನ ಸುತ್ತಿನಲ್ಲಿ. ಸುರುಳಿ ಸ್ಪ್ರಿಂಗು ಕೂರುವ ಬಟ್ಟಲಿನಲ್ಲಿ ಹೊಲದ ಮಣ್ಣು ತುಂಬಿಕೊಳ್ಳುತ್ತದೆ. ಎರೆಮಣ್ಣು ಒದ್ದೆಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸ್ಪ್ರಿಂಗಿನ ಬಣ್ಣ ಕೆರೆದುಹೋದಲ್ಲಿ ತುಕ್ಕು ಹಿಡಿದು ಸಣ್ಣ ಗುಳಿ ಬೀಳುತ್ತದೆ. ಪ್ರತಿ ಕುಣಿತಕ್ಕೂ ಆ ಗುಳಿಯಿಂದ ಬಿರುಕು ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. 2005, 2019, 2021ರ ಕೃಷ್ಣೆಯ ಮಹಾಪೂರ ಕಂಡ ಈ ಸೀಮೆಯಲ್ಲಿ ನೀರು ಇಳಿದ ಮೇಲೆ ಎಂಜಿನ್ ತೊಳೆಸಿದವರು ಬಹಳ, ಸ್ಪ್ರಿಂಗಿನ ಬಟ್ಟಲು ತೊಳೆಸಿದವರು ಕಡಿಮೆ.

ಅಂಕಲಿ, ಮಾಂಜರಿ, ರಾಯಬಾಗ, ಉಗಾರದ ಕಡೆ ‘ಪಾಟಾ’ ಎಂದರೆ ಎಲ್ಲರಿಗೂ ಗೊತ್ತು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು ಅದು. 1947ರಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪನ್ನು ಭಾರತಕ್ಕೆ ತಂದಾಗ ಅದರ ನಾಲ್ಕೂ ಮೂಲೆಯಲ್ಲಿ ಪಾಟಾ ಇತ್ತು. ಮಾರುತಿ ಜಿಪ್ಸಿ ಕೊನೆಯವರೆಗೂ ಪಾಟಾದ ಮೇಲೆಯೇ ಓಡಿತು. ಪಾಟಾ ಮುರಿದರೆ ಒಂದು ಪಟ್ಟಿ ಬದಲಿಸಬಹುದು, ಕಮಾನು ಕೂತರೆ ಕುಲುಮೆಗೆ ಹಾಕಿ ಮತ್ತೆ ಬಾಗಿಸುವವರೂ ಇದ್ದರು. ಸುರುಳಿ ಸ್ಪ್ರಿಂಗು ನಮ್ಮ ಹೊಲದ ದಾರಿಗೆ ಇಳಿದದ್ದು ತಡವಾಗಿ: 2000ದ ಬೊಲೆರೊದಲ್ಲಿ ಮುಂದೆ, ಆಮೇಲೆ ಸ್ಕಾರ್ಪಿಯೊದಲ್ಲಿ ಹಿಂದೆ. 2010ರ ಥಾರ್ ಹಿಂಬದಿಗೆ ಪಾಟಾವನ್ನೇ ಉಳಿಸಿಕೊಂಡಿತ್ತು. 2020ರ ಥಾರ್ ನಾಲ್ಕೂ ಕಡೆ ಸುರುಳಿಗೆ ಬಂತು. ಬ್ರಿಟನ್ನಿನ ರೇಂಜ್ ರೋವರ್ 1970ರಲ್ಲಿಯೇ ಆ ದಾರಿ ಹಿಡಿದಿತ್ತು.

ಪಾಟಾ, ಸುರುಳಿ ಈ ಎರಡರ ನಡುವಿನ ವ್ಯತ್ಯಾಸ ಕೆಲಸ ಮಾಡುವವನ ಜೀವಕ್ಕೆ ಸಂಬಂಧಿಸಿದ್ದು. ಪಾಟಾ ಭಾರವನ್ನೂ ಹೊರುತ್ತದೆ, ಹೌಸಿಂಗನ್ನು, ಅಂದರೆ ಗಾಲಿಗಳ ನಡುವಿನ ಆಕ್ಸಲ್ಲಿನ ಕವಚವನ್ನು, ಹಿಂದೆಮುಂದೆ ಸರಿಯದಂತೆ ಹಿಡಿದೂ ಇಡುತ್ತದೆ. ಸುರುಳಿಗೆ ಹೊರುವುದಷ್ಟೇ ಗೊತ್ತು. ಹೌಸಿಂಗನ್ನು ಹಿಡಿಯಲು ಬೇರೆ ರಾಡುಗಳು, ಲಿಂಕುಗಳು ಬೇಕು. ಸ್ಪ್ರಿಂಗು ಮಾತ್ರ ಎರಡು ಬಟ್ಟಲುಗಳ ನಡುವೆ ಒತ್ತಡದಿಂದಲೇ ನಿಂತಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಒಂದು ಬೋಲ್ಟೂ ಇರುವುದಿಲ್ಲ.

ಆ ಒತ್ತಡ ಎಷ್ಟು? ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಸರಳವಾದದ್ದು: ಎಷ್ಟು ಕುಗ್ಗಿಸುತ್ತೀರೋ ಅದಕ್ಕೆ ತಕ್ಕಷ್ಟು ತಿರುಗಿ ಒತ್ತುತ್ತದೆ. ಒಂದು ಸೆಂಟಿಮೀಟರ್ ಇಳಿಯಲು 30 ಕಿಲೋ ಭಾರ ಬೇಡುವ ಸ್ಪ್ರಿಂಗು 15 ಸೆಂಟಿಮೀಟರ್ ಇಳಿದಿದ್ದರೆ ಅದು 450 ಕಿಲೋ ಹೊತ್ತು ನಿಂತಿದೆ ಎಂದರ್ಥ. ಅದರೊಳಗೆ ಕೂಡಿಟ್ಟ ಶಕ್ತಿ, 50 ಕಿಲೋದ ಸಕ್ಕರೆ ಚೀಲ ಸುಮಾರು 67 ಸೆಂಟಿಮೀಟರ್ ಎತ್ತರದಿಂದ ಬಿದ್ದಾಗಿನದಕ್ಕೆ ಸಮ. ಏಳು ಕಿಲೋದ ಸ್ಪ್ರಿಂಗು ಅಷ್ಟನ್ನೂ ಹಾರುವುದಕ್ಕೆ ಬಳಸಿದರೆ ಗಂಟೆಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಎದೆಗೆ ಬಂದು ಬಡಿಯುತ್ತದೆ. ಈ ಗ್ಯಾರೇಜಿನ ಶಟರಿನಲ್ಲಿ ಎದೆಮಟ್ಟದಲ್ಲಿ ಒಂದು ಕುಳಿ ಇದೆ, ತೆಂಗಿನಕಾಯಿ ಕೂರುವಷ್ಟು ದೊಡ್ಡದು. ಮಿಸ್ತ್ರಿ ಕೆಲಸ ಕಲಿಯುತ್ತಿದ್ದ ಕಾಲದ್ದಂತೆ. ಶಟರಿಗೆ ಎರಡು ಸಲ ಬಣ್ಣ ಹೊಡೆಸಿದ್ದಾರೆ, ಕುಳಿಯನ್ನು ಬಡಿದು ಸರಿಮಾಡಿಸಿಲ್ಲ. ಹೊಸ ಹುಡುಗ ಕೆಲಸಕ್ಕೆ ಬಂದರೆ ಮೊದಲು ಅವನ ಕೈಯನ್ನು ಅದರೊಳಗೆ ಇಡಿಸುತ್ತಾರೆ.

ಕೆಲಸ ಸುರುವಾಯಿತು. ಗಾಡಿ ಸಪಾಟಾದ ಕಾಂಕ್ರೀಟಿನ ಮೇಲೆ ನಿಂತಿದೆ. ಮುಂದಿನ ಗಾಲಿಗಳಿಗೆ ಹಿಂದೆಮುಂದೆ ಜಾಲಿ ಕಟ್ಟಿಗೆಯ ತುಂಡು. ಗಾಲಿಯ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿದರು. ಆಮೇಲೆ ಜ್ಯಾಕು ಕೊಟ್ಟು ಎತ್ತಿ, ಎರಡೂ ಬದಿ ಚಾಸಿಯ ಕೆಳಗೆ ಉಕ್ಕಿನ ಸ್ಟ್ಯಾಂಡು ಕೊಟ್ಟರು. ಹೌಸಿಂಗಿನ ಕೆಳಗೆ ಸ್ಟ್ಯಾಂಡು ಇಟ್ಟರೆ ಸ್ಪ್ರಿಂಗು ಬಿಚ್ಚುವುದೇ ಆಗದು, ಏಕೆಂದರೆ ಕೆಳಗಿಳಿಯಬೇಕಾದದ್ದು ಅದೇ. ಸ್ಟ್ಯಾಂಡಿನ ಮೇಲೆ ಗಾಡಿ ಕೂತ ಮೇಲೆ ಮಿಸ್ತ್ರಿ ಹೊರಗಿನಿಂದ ಅದನ್ನು ಎರಡು ಕೈಯಿಂದ ಜೋರಾಗಿ ಅಲುಗಾಡಿಸಿದರು. ಬೀಳುವುದಿದ್ದರೆ ಈಗಲೇ ಬೀಳಲಿ, ಒಳಗೆ ಮನುಷ್ಯ ಇಲ್ಲದಾಗ. ಕಲ್ಲು, ಇಟ್ಟಂಗಿಯ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ತೂರುವವರನ್ನು ನಾನು ಎಷ್ಟೋ ಊರಲ್ಲಿ ಕಂಡಿದ್ದೇನೆ. ಇಟ್ಟಂಗಿ ಒಡೆಯುವ ಮುಂಚೆ ಸಪ್ಪಳ ಮಾಡುವುದಿಲ್ಲ. ಜ್ಯಾಕಿನ ಎಣ್ಣೆ ಸೋರುವುದಂತೂ ಕಿವಿಗೆ ಕೇಳಿಸುವುದೇ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಜ್ಯಾಕು ಹೌಸಿಂಗಿನ ಕೆಳಗೆ ಬಂತು, ಅದರ ಭಾರವನ್ನು ತಾಳಿಕೊಳ್ಳುವಷ್ಟು. ಬ್ರೇಕಿನ ರಬ್ಬರ್ ಪೈಪು ಹಿಡಿದಿರುವ ಕ್ಲಿಪ್ಪು ಬಿಚ್ಚಿದರು. ಹೌಸಿಂಗು ಆ ಪೈಪಿಗೆ ಜೋತುಬಿದ್ದರೆ ಪೈಪು ಒಳಗೇ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ. ಕೊನೆಗೆ ಗಾಡಿಯ ಕುಣಿತ ತಡೆಯುವ ಎರಡೂ ಬದಿಯ ಶಾಕಪ್‌ಗಳ ಕೆಳಗಿನ ಬೋಲ್ಟು. ಗಾಡಿ ಎತ್ತಿದಾಗ ಹೌಸಿಂಗು ಪೂರ್ತಿ ಕೆಳಗೆ ಬೀಳದಂತೆ ತಡೆಯುವುದು ಬಹುಮಟ್ಟಿಗೆ ಈ ಶಾಕಪ್‌ಗಳೇ. ಕೆಳಗೆ ಜ್ಯಾಕು ಇಲ್ಲದೆ ಅವನ್ನು ಬಿಚ್ಚಿದವನ ಕಾಲ ಮೇಲೆಯೇ ಎಲ್ಲ ಬರುತ್ತದೆ.

ಗ್ಯಾರೇಜಿನ ಹುಡುಗ ಜ್ಯಾಕಿನ ಹಿಡಿಕೆ ತಿರುಗಿಸತೊಡಗಿದ. ಸ್ವಲ್ಪ ಜೋರಾಯಿತು.

“ಗಡಬಡ ಮಾಡಬ್ಯಾಡೋ ತಮ್ಮಾ. ಅದರ ಸಿಟ್ಟು ಇಳೀಲಿ.”

ಈ ಕಸುಬಿನ ತಿರುಳು ಆ ಮಾತಿನಲ್ಲಿದೆ ಎಂದು ನನಗೆ ಅನ್ನಿಸಿತು. ಹಾರೆ ಹಾಕಿ ಮೀಟುವ ಬಲವಂತ ಇಲ್ಲಿ ಇಲ್ಲವೇ ಇಲ್ಲ. ಒಂದೊಂದು ಬೆರಳಷ್ಟು ಇಳಿಸುವುದು, ನಿಲ್ಲುವುದು, ಪೈಪು ಬಿಗಿಯಾಯಿತೇ ನೋಡುವುದು, ಮತ್ತೆ ಇಳಿಸುವುದು. ಆ ಹೊತ್ತಿನಲ್ಲಿ ಮಿಸ್ತ್ರಿಯ ಮುಖ ಸ್ಪ್ರಿಂಗಿನ ಎದುರಿಗೆ ಒಮ್ಮೆಯೂ ಬರಲಿಲ್ಲ. ಬದಿಯಲ್ಲಿ ಕೂತು ಕೈಯನ್ನೂ ದೂರ ಇಟ್ಟಿದ್ದರು. ಸ್ಪ್ರಿಂಗಿಗೆ ಒಂದು ಸರಪಳಿ ಸುತ್ತಿ ಚಾಸಿಗೆ ಕಟ್ಟಿದ್ದೂ ಇತ್ತು. ಕೊನೆಗೆ ಅದು ಬಟ್ಟಲಿನಲ್ಲಿ ಗಲಗಲ ಅಲುಗಾಡಿತು. ಆಗಷ್ಟೇ ಕೈ ಹಾಕಿ, ಬುಟ್ಟಿಯಿಂದ ಕುಂಬಳಕಾಯಿ ಎತ್ತಿದಷ್ಟು ಸಲೀಸಾಗಿ ಹೊರಗೆ ತೆಗೆದರು.

ಹೊಸದು ಹಾಕುವುದರಲ್ಲಿ ಕಣ್ಣಿನ ಕೆಲಸ ಹೆಚ್ಚು. ಬಟ್ಟಲು ಕೆರೆದು ತೊಳೆದು, ರಬ್ಬರ್ ಸೀಟು ಬದಲಿಸಿ, ಸುರುಳಿಯ ತುದಿಯನ್ನು ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿಸಿ ಕೂರಿಸಬೇಕು. ಮುರಿದದ್ದು ಒಂದೇ ಆದರೂ ಎರಡೂ ಬದಿ ಬದಲಿಸಿದರು. ದಣಿದ ಎತ್ತಿನ ಜೊತೆ ಹೊಸ ಎತ್ತು ಹೂಡಿದರೆ ಬಂಡಿ ಯಾವ ಕಡೆ ಎಳೆಯುತ್ತದೆ ಎಂದು ಇಲ್ಲಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಹೊಸ ಥಾರ್‌ನಂಥ ಗಾಡಿಗಳಲ್ಲಿ ಸ್ಪ್ರಿಂಗು ಶಾಕಪ್ಪಿನ ಮೇಲೆಯೇ ಕೂತಿರುತ್ತದೆ, ಜೋಡಿಯಾಗಿ ಹೊರಬರುತ್ತದೆ. ಅಪಾಯ ಅಲ್ಲಿ ನೆಲದ ಮೇಲೆ. ಶಾಕಪ್ಪಿನ ತುದಿಯ ನಟ್ಟು ಒಂದೇ ಆ ಒತ್ತಡವನ್ನು ಹಿಡಿದಿರುತ್ತದೆ. ಅದನ್ನು ಬಿಚ್ಚುವ ಮೊದಲು ಸ್ಪ್ರಿಂಗು ಅಮುಕಿ ಹಿಡಿಯುವ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಇದಕ್ಕೆ ಎರಡು ಸುತ್ತು ಅದಕ್ಕೆ ಎರಡು ಸುತ್ತು ಎಂದು ಕೈಯಿಂದಲೇ ಬಿಗಿಯಬೇಕು. ಗಾಳಿ ಗನ್ನು ಹಚ್ಚಿದರೆ ಕಂಪ್ರೆಸರಿನ ಆಟೆಗಳೇ (ತಿರುಪಿನ ಹಲ್ಲುಗಳೇ) ಕಿತ್ತುಬರಬಹುದು. ಸ್ಪ್ರಿಂಗು ತನ್ನ ಸೀಟಿನಲ್ಲಿ ಸಡಿಲವಾಗಿ ತಿರುಗುವವರೆಗೆ ಆ ನಟ್ಟು ಮುಟ್ಟಬಾರದು. ಈ ಗ್ಯಾರೇಜಿನಲ್ಲಿ ಕಂಪ್ರೆಸರ್ ಇದೆ. ಗಾಡಿಗೆ ಲಕ್ಷ ಲಕ್ಷ ಸುರಿಯುವವರು ತಮ್ಮ ಮಿಸ್ತ್ರಿಯ ಬಳಿ ಅದು ಇದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಇರುವಲ್ಲಿಗೆ ಹೋಗಬೇಕು.

ಗಾಡಿ ಎತ್ತರ ಮಾಡಿಸಿಕೊಳ್ಳುವ ಹುಡುಗರ ಬಗ್ಗೆಯೂ ಒಂದು ಮಾತು. ತಂತಿಯ ದಪ್ಪ 13 ಮಿಲಿಮೀಟರಿನಿಂದ 14ಕ್ಕೆ ಏರಿದರೆ ಸ್ಪ್ರಿಂಗು ಸುಮಾರು ಮೂರನೇ ಒಂದು ಪಾಲು ಹೆಚ್ಚು ಬಿರುಸಾಗುತ್ತದೆ, ಏಕೆಂದರೆ ಬಿರುಸು ದಪ್ಪದ ನಾಲ್ಕನೇ ಘಾತದಲ್ಲಿ ಬೆಳೆಯುತ್ತದೆ. ಕಣ್ಣಿಗೆ ಒಂದೇ ತರ ಕಂಡದ್ದು ಒಂದೇ ಅಲ್ಲ. ಗಾಡಿ ಗಿಡ್ಡ ಮಾಡಲು ಗ್ಯಾಸ್ ಕಟರಿನಿಂದ ಸುತ್ತು ಕತ್ತರಿಸುವುದು, ಕಾಯಿಸಿ ಕುಗ್ಗಿಸುವುದು ಇನ್ನೂ ಕೆಟ್ಟದ್ದು. ಆ ಉರಿಯಲ್ಲಿ ಉಕ್ಕಿನ ಹದವೇ ಹೋಗುತ್ತದೆ.

ಸಂಜೆ ಗಾಲಿ ಹಾಕಿ ಗಾಡಿಯನ್ನು ನೆಲಕ್ಕಿಳಿಸಿದರು. ಕೆಲಸ ಮುಗಿಯಿತೆಂದು ನಾನು ಎದ್ದೆ. ಮಿಸ್ತ್ರಿ ಮತ್ತೆ ಕೆಳಗೆ ತೂರಿದರು. ಕೆಲಸಕ್ಕಾಗಿ ಸಡಿಲಿಸಿದ್ದ ಲಿಂಕುಗಳ ಬುಷ್ ಬೋಲ್ಟುಗಳನ್ನು ಅಲ್ಲಿಯವರೆಗೆ ಅರ್ಧವೇ ಬಿಗಿದಿದ್ದರಂತೆ. ಗಾಡಿ ಗಾಳಿಯಲ್ಲಿದ್ದಾಗ ಪೂರ್ತಿ ಬಿಗಿದರೆ, ನೆಲಕ್ಕೆ ಬಂದೊಡನೆ ರಬ್ಬರು ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಅವನ್ನು ಬಿಗಿದು ಹೊರಬಂದು, ಹೊಳೆಯ ಕಡೆಯ ಹೊಲದ ದಾರಿಯಲ್ಲಿ ಗಾಡಿ ಓಡಿಸಿ ತಂದರು. ಟೇಪು ಹಿಡಿದು ನಾಲ್ಕೂ ಕಡೆ ಮತ್ತೆ ಅಳೆದು, ಬೆಳಗಿನ ಅಂಕಿಗಳ ಪಕ್ಕದಲ್ಲಿ ಬರೆದರು. ಹಿಂದಿನ ಎಡ, ಬಲ ಎರಡೂ ಒಂದೇ ಇದ್ದವು.

“ನೂರು ಕಿಲೋಮೀಟರ್ ಓಡಸ್ರಿ, ಮತ್ತ ಬರ್ರಿ. ಬೋಲ್ಟ್ ಇನ್ನೊಮ್ಮೆ ನೋಡ್ತೀನಿ. ಅದಕ್ಕ ರೊಕ್ಕ ತಗೊಳ್ಳಂಗಿಲ್ಲ,” ಎಂದು ಗಾಡಿಯವರಿಗೆ ಹೇಳಿ, ಮುರಿದ ಸ್ಪ್ರಿಂಗನ್ನು ಗೋಡೆಗೆ ಒರಗಿಸಿಟ್ಟರು.