ಬಾಣಂತಿಯ ತೂಕ, ಮಗುವಿನ ಹಾಲು: ಶಕ್ತಿಯ ಆಯವ್ಯಯ

ಹಳಿಯಾಳದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಮನೆಗೆ ಬಂದಿದ್ದಳು. ಗರ್ಭಿಣಿಯಾಗುವ ಮೊದಲು 58 ಕಿ.ಗ್ರಾಂ ಇದ್ದ ಅವಳ ತೂಕ ಈಗ 69 ಕಿ.ಗ್ರಾಂ. ರಜೆ ಮುಗಿಯುವುದರೊಳಗೆ ಮೊದಲಿನಂತಾಗಬೇಕೆಂದು ಒಂದು ತಿಂಗಳಿನಿಂದ ರಾತ್ರಿಯ ಊಟ ಬಿಟ್ಟಿದ್ದಳು. ಹಗಲಿನಲ್ಲಿಯೂ ಅನ್ನ, ರೊಟ್ಟಿ ಮುಟ್ಟುತ್ತಿರಲಿಲ್ಲ. "ಮೇಡಂ, ಅತ್ತಿ ಅಂಟಿನ ಉಂಡಿ ತಿನ್ನು ಅಂತಾರ, ಮೊಬೈಲಿನ್ಯಾಗ ಉಪವಾಸ ಮಾಡು ಅಂತಾರ. ನಾ ಉಣ್ಣದಿದ್ದರ ಹಾಲು ಕಡಿಮಿ ಆಗ್ತದೇನ್ರಿ?" ಎಂದು ಕೇಳಿದಳು. ಕೂಸಿನ ತೂಕದ ಬಗ್ಗೆ ವಿಚಾರಿಸಿದಾಗ ಆ ತಿಂಗಳು ಕೇವಲ 300 ಗ್ರಾಂ ಏರಿದ್ದು ತಿಳಿಯಿತು. ಮೊದಲ ಮೂರು ತಿಂಗಳಲ್ಲಿ ಮಗು ತಿಂಗಳಿಗೆ ಕನಿಷ್ಠ 500 ಗ್ರಾಂನಷ್ಟಾದರೂ ಏರಬೇಕು.

ನಾನು ವೈದ್ಯಳಲ್ಲ, ಭೌತವಿಜ್ಞಾನ ಕಲಿಸುವವಳು. ಮೊದಲು ಮಗುವನ್ನು ವೈದ್ಯರಿಗೆ ತೋರಿಸಲು ಹೇಳಿದೆ. ಆಮೇಲೆ ಇಬ್ಬರೂ ಕಾಗದ, ಪೆನ್ಸಿಲ್ ಹಿಡಿದು ಕುಳಿತೆವು. ಶಕ್ತಿ ಸಂರಕ್ಷಣಾ ನಿಯಮ ಬಾಣಂತಿಯ ಕೋಣೆಗೂ ಅನ್ವಯಿಸುತ್ತದೆಯಲ್ಲವೇ?

ಹಾಲಿನ ಬೆಲೆ ಎಷ್ಟು?

ಆರು ತಿಂಗಳವರೆಗೆ ಎದೆಹಾಲನ್ನಷ್ಟೇ ಕುಡಿಸುವ ತಾಯಿಯು ದಿನಕ್ಕೆ ಸರಾಸರಿ 800 ಗ್ರಾಂ ಹಾಲು ಉತ್ಪಾದಿಸುತ್ತಾಳೆ. ಒಂದು ಗ್ರಾಂ ಹಾಲಿನಲ್ಲಿರುವ ಶಕ್ತಿ ಸುಮಾರು 0.67 ಕಿಲೊಕ್ಯಾಲೊರಿ. ಅಂದರೆ ದಿನವೊಂದಕ್ಕೆ ಮಗುವಿಗೆ ವರ್ಗಾವಣೆಯಾಗುವ ಶಕ್ತಿ ಸುಮಾರು 536 ಕಿಲೊಕ್ಯಾಲೊರಿ. ಆದರೆ ಯಾವ ಯಂತ್ರದ ದಕ್ಷತೆಯೂ ನೂರಕ್ಕೆ ನೂರು ಇರುವುದಿಲ್ಲ. ಆಹಾರವನ್ನು ಹಾಲಾಗಿ ಪರಿವರ್ತಿಸುವ ದಕ್ಷತೆ ಸುಮಾರು ಶೇ. 80. ಆದ್ದರಿಂದ ತಾಯಿ ವ್ಯಯಿಸಬೇಕಾದದ್ದು 536 ÷ 0.8, ಎಂದರೆ ಸುಮಾರು 670 ಕಿಲೊಕ್ಯಾಲೊರಿ ಅಥವಾ 2.8 ಮೆಗಾಜೌಲ್.

ಇದು ಎಷ್ಟು ದೊಡ್ಡ ಮೊತ್ತವೆಂಬುದನ್ನು ಹೀಗೆ ಊಹಿಸಿಕೊಳ್ಳಿ. ನಮ್ಮ ಸ್ನಾಯುಗಳ ದಕ್ಷತೆ ಸುಮಾರು ಶೇ. 25. 60 ಕಿ.ಗ್ರಾಂ ತೂಕದ ವ್ಯಕ್ತಿ 2.8 ಮೆಗಾಜೌಲ್ ವ್ಯಯಿಸಿ ಬೆಟ್ಟ ಹತ್ತಿದರೆ ಸುಮಾರು 1,200 ಮೀಟರ್ ಎತ್ತರಕ್ಕೆ ಏರಬಹುದು. ದಾಂಡೇಲಿ ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಎತ್ತರದಲ್ಲಿದೆ. ಕಾರವಾರದ ಕಡಲತೀರದಿಂದ ದಾಂಡೇಲಿಯ ಎತ್ತರಕ್ಕೆ ದಿನಕ್ಕೆ ಎರಡೂವರೆ ಬಾರಿ ಏರಿದಷ್ಟು ಶಕ್ತಿಯನ್ನು ತಾಯಿಯು ಕುಳಿತಲ್ಲಿಯೇ ಮಗುವಿಗಾಗಿ ವ್ಯಯಿಸುತ್ತಾಳೆ!

ಈ ಶಕ್ತಿ ಎರಡು ಮೂಲಗಳಿಂದ ಬರುತ್ತದೆ: ಆಹಾರ ಮತ್ತು ಮೈಯ ಕೊಬ್ಬು. ಗರ್ಭಾವಸ್ಥೆಯಲ್ಲಿ ಶರೀರವು ಮೂರು ಕಿ.ಗ್ರಾಂಗೂ ಮಿಕ್ಕಿ ಕೊಬ್ಬನ್ನು ಹಾಲಿಗೆಂದೇ ಕೂಡಿಡುತ್ತದೆ. ಚೆನ್ನಾಗಿ ಉಂಡುಟ್ಟ ತಾಯಿಯ ತೂಕ ಮೊದಲ ಆರು ತಿಂಗಳಲ್ಲಿ ತಿಂಗಳಿಗೆ ಸರಾಸರಿ 0.8 ಕಿ.ಗ್ರಾಂ ತಾನಾಗಿ ಇಳಿಯುತ್ತದೆ. ಒಂದು ಕಿ.ಗ್ರಾಂ ಇಳಿಕೆ ಎಂದರೆ ಸುಮಾರು 6,500 ಕಿಲೊಕ್ಯಾಲೊರಿ. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 170 ಕಿಲೊಕ್ಯಾಲೊರಿ ಈ ಉಳಿತಾಯದಿಂದ ಬರುತ್ತದೆ. ಉಳಿದ 500 ಆಹಾರದಿಂದ ಬರಬೇಕು. 2004ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರ ವರದಿಯ ಲೆಕ್ಕವೂ ಇದೇ.

ಎಷ್ಟು ವೇಗವಾಗಿ ಇಳಿಸಬಹುದು?

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ಗಮನಾರ್ಹ. ಹಾಲೂಡಿಸುವ, ಅಧಿಕ ತೂಕದ 40 ತಾಯಂದಿರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರು ಹೆರಿಗೆಯ ನಾಲ್ಕನೆಯ ವಾರದಿಂದ ಹತ್ತು ವಾರಗಳ ಕಾಲ ಆಹಾರವನ್ನು ದಿನಕ್ಕೆ 500 ಕಿಲೊಕ್ಯಾಲೊರಿಯಷ್ಟು ಕಡಿಮೆ ಮಾಡಿ, ವಾರದಲ್ಲಿ ನಾಲ್ಕು ದಿನ ಮುಕ್ಕಾಲು ಗಂಟೆ ವ್ಯಾಯಾಮ ಮಾಡಿದರು. ಅವರ ತೂಕ ವಾರಕ್ಕೆ ಸುಮಾರು ಅರ್ಧ ಕಿ.ಗ್ರಾಂ ಇಳಿಯಿತು. ಎರಡೂ ಗುಂಪುಗಳ ಶಿಶುಗಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ಲೆಕ್ಕದೊಂದಿಗೆ ಇದನ್ನು ತಾಳೆ ನೋಡಿ: ದಿನಕ್ಕೆ 500ರಂತೆ ವಾರಕ್ಕೆ 3,500, ಅದನ್ನು 6,500ರಿಂದ ಭಾಗಿಸಿದರೆ 0.54 ಕಿ.ಗ್ರಾಂ.

ಹಾಗಾಗಿ ವಾರಕ್ಕೆ ಅರ್ಧ ಕಿ.ಗ್ರಾಂ, ತಿಂಗಳಿಗೆ ಎರಡು ಕಿ.ಗ್ರಾಂ ಇಳಿಕೆಯನ್ನು ಮೇಲ್ಮಿತಿಯೆಂದು ತಿಳಿಯಬಹುದು. ಅದೂ ತೂಕ ನಿಜವಾಗಿ ಹೆಚ್ಚಿರುವವರಿಗೆ ಮಾತ್ರ. ಪ್ರಯೋಗದಲ್ಲಿ ನಾಲ್ಕನೆಯ ವಾರದಿಂದ ಆರಂಭಿಸಿದ್ದರೂ, ಹಾಲು ನೆಲೆಗೊಳ್ಳುವವರೆಗೆ, ಅಂದರೆ ಮೊದಲ 6–8 ವಾರ ಈ ಯೋಚನೆಯೇ ಬೇಡ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರು ವ್ಯಾಯಾಮಕ್ಕೆ ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಒಟ್ಟು ಆಹಾರ ದಿನಕ್ಕೆ 1,800 ಕಿಲೊಕ್ಯಾಲೊರಿಗಿಂತ ಕೆಳಗೆ ಇಳಿಯಬಾರದು. ಅದಕ್ಕಿಂತ ಕಡಿಮೆ ಉಂಡರೆ ಶಕ್ತಿಯ ಜೊತೆಗೆ ಜೀವಸತ್ವ, ಖನಿಜಗಳೂ ಸಾಲುವುದಿಲ್ಲ. ಹಾಲಿನ ಕ್ಯಾಲ್ಸಿಯಂ ತಾಯಿಯ ಎಲುಬಿನಿಂದಲಾದರೂ ಬರುತ್ತದೆ. ಆದರೆ ಬಿ12, ಅಯೊಡಿನ್‌ನಂಥವು ತಾಯಿಯ ಊಟದಲ್ಲಿ ಕಡಿಮೆಯಾದರೆ ಹಾಲಿನಲ್ಲಿಯೂ ಕಡಿಮೆಯಾಗುತ್ತವೆ. ಅನ್ನ, ರೊಟ್ಟಿಗಳನ್ನು ಪೂರ್ತಿ ಬಿಡುವುದು ಇನ್ನೂ ಅಪಾಯಕರ. ಪಿಷ್ಟವನ್ನು ತೀರ ಕಡಿಮೆ ಮಾಡಿದ ಬಾಣಂತಿಯರಲ್ಲಿ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇವು ಅಪರೂಪವಾದರೂ ಗಂಭೀರ. ತೂಕ ಇಳಿಸುವ ಮಾತ್ರೆ, ಪುಡಿಗಳಂತೂ ಕೂಡದು.

ಉಂಡೆ, ನೀರು, ನಡಿಗೆ

ಅತ್ತೆಯವರ ಅಂಟಿನ ಉಂಡೆಯನ್ನು ಹಳಿಯಬೇಕಾಗಿಲ್ಲ. ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ, ಅಂಟು ಸೇರಿದ 40 ಗ್ರಾಂನ ಒಂದು ಉಂಡೆಯಲ್ಲಿ ಸುಮಾರು 200 ಕಿಲೊಕ್ಯಾಲೊರಿ ಇರುತ್ತದೆ. ಹೊಲದಲ್ಲಿ ದುಡಿದು ಬಡಕಲಾದ ಬಾಣಂತಿಗೆ ಇದು ಒಳ್ಳೆಯ ಇಂಧನ. ಕುರ್ಚಿಯ ಕೆಲಸದವರಿಗೆ ದಿನಕ್ಕೆ ಮೂರು ಉಂಡೆ ಹೆಚ್ಚಾಯಿತು, ಒಂದು ಸಾಕು. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಐದು ಬಾರಿಯಾದರೆ ಸಕ್ಕರೆಯಿಂದಲೇ 200 ಕಿಲೊಕ್ಯಾಲೊರಿ. ಕಡಿತ ಮಾಡುವುದಾದರೆ ಇಂಥಲ್ಲಿ ಮಾಡಬೇಕು. ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಮೀನು, ಮೊಸರುಗಳಲ್ಲಿ ಅಲ್ಲ.

ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಮಾತ್ರ ಬಿಡಲೇಬೇಕು. ಹಾಲಿನ ಶೇ. 87ರಷ್ಟು ಭಾಗ ನೀರು. 800 ಗ್ರಾಂ ಹಾಲಿನೊಂದಿಗೆ ದಿನಕ್ಕೆ ಸುಮಾರು 700 ಮಿ.ಲೀ. ನೀರು ಶರೀರದಿಂದ ಹೊರಹೋಗುತ್ತದೆ. ಬಾಯಾರಿದಾಗಲೆಲ್ಲ ಕುಡಿಯಬೇಕು.

ಗಂಟೆಗೆ 4 ಕಿ.ಮೀ. ವೇಗದ ಒಂದು ಗಂಟೆಯ ನಡಿಗೆಯಿಂದ, ವಿಶ್ರಾಂತಿಗಿಂತ ಹೆಚ್ಚುವರಿಯಾಗಿ ಕರಗುವುದು ಸುಮಾರು 120 ಕಿಲೊಕ್ಯಾಲೊರಿ ಮಾತ್ರ. ಆದರೂ ನಡಿಗೆ ಸ್ನಾಯುಗಳನ್ನು ಉಳಿಸುತ್ತದೆ. ಮಿತವಾದ ವ್ಯಾಯಾಮದಿಂದ ಹಾಲಿನ ಪ್ರಮಾಣ ಕುಗ್ಗುವುದಿಲ್ಲವೆಂದು 1994ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ.

ಇಳಿಸಲೇಬಾರದ ತಾಯಂದಿರು

ಇಲ್ಲಿಯವರೆಗಿನ ಲೆಕ್ಕ ಎಲ್ಲರಿಗೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 30ರಷ್ಟು ಮಂದಿಗೆ ಅಧಿಕ ತೂಕ, ಶೇ. 17ರಷ್ಟು ಮಂದಿ ಕೃಶರು. ಇವರಿಬ್ಬರೂ ನಮ್ಮ ನಡುವೆಯೇ ಇದ್ದಾರೆ. ದಾಂಡೇಲಿಯ ವಸತಿಗೃಹದಲ್ಲಿರುವ ಗೃಹಿಣಿಯೂ ಬಾಣಂತಿ. ಜೋಯಿಡಾದ ಕಾಡಿನ ಹಳ್ಳಿಯಿಂದ ನಾಲ್ಕಾರು ಕಿ.ಮೀ. ನಡೆದು ಬರುವವಳೂ, ಮುಂಡಗೋಡದ ಗದ್ದೆಯಲ್ಲಿ ನಾಟಿಗೆ ಇಳಿಯುವವಳೂ ಬಾಣಂತಿಯರೇ.

155 ಸೆಂ.ಮೀ. ಎತ್ತರದ ನನ್ನ ವಿದ್ಯಾರ್ಥಿನಿಯ ದೇಹತೂಕ ಸೂಚ್ಯಂಕ 69 ÷ (1.55 × 1.55), ಅಂದರೆ 28.7. 150 ಸೆಂ.ಮೀ. ಎತ್ತರ, 40 ಕಿ.ಗ್ರಾಂ ತೂಕದ ತಾಯಿಯ ಸೂಚ್ಯಂಕ 17.8. ಇದು 18.5ಕ್ಕಿಂತ ಕಡಿಮೆ. ಇಂಥವಳಲ್ಲಿ ಕೂಡಿಟ್ಟ ಕೊಬ್ಬೇ ಇಲ್ಲ. 670 ಕಿಲೊಕ್ಯಾಲೊರಿಯೂ ಅವಳಿಗೆ ತಟ್ಟೆಯಿಂದಲೇ ಬರಬೇಕು. ಗೌಳಿ ದಡ್ಡಿಯಲ್ಲಿ ಹಾಲು ಡೇರಿಗೆ ಹೋಗುವ ಮೊದಲು ಬಾಣಂತಿಗೆ ಒಂದು ಲೋಟ ಉಳಿಯಬೇಕು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದದ್ದು ಈ ಅಂತರವನ್ನು ತುಂಬಲೆಂದೇ. "ದಪ್ಪಗಾಗುತ್ತೇನೆ" ಎಂಬ ಪಟ್ಟಣದ ಭಯ ಈ ತಾಯಂದಿರಿಗೂ ಅಂಟಿದರೆ ನಷ್ಟ ಮಗುವಿಗೆ, ತಾಯಿಗೆ ಇಬ್ಬರಿಗೂ.

ನಕ್ಷೆಯೇ ಸಾಕ್ಷಿ

ತಾಯಿಯ ತಕ್ಕಡಿಗಿಂತ ಮಗುವಿನ ತಕ್ಕಡಿ ಮುಖ್ಯ. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಬಿಂದುಗಳನ್ನು ಗುರುತಿಸಿ ರೇಖೆಯ ಇಳಿಜಾರನ್ನು ಗಮನಿಸಿ. ರೇಖೆ ಚಪ್ಪಟೆಯಾದರೆ, ಅಥವಾ ಮಗು ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಮಾಡಿದರೆ, ಪಥ್ಯ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಅಧ್ಯಾಪಕರು ಇಂಥದೊಂದು ನಕ್ಷೆಯನ್ನು ಹೆಸರಿಲ್ಲದೆ ತರಗತಿಗೆ ತಂದರೆ ಇಳಿಜಾರು ಎಂದರೇನು ಎಂಬುದು ಮಕ್ಕಳಿಗೆ ಬೇಗ ಅರ್ಥವಾದೀತು.

ನನ್ನ ವಿದ್ಯಾರ್ಥಿನಿಯ ದಿನದ ವೆಚ್ಚ, ಹಾಲೂ ಸೇರಿ, ಸುಮಾರು 2,570 ಕಿಲೊಕ್ಯಾಲೊರಿ ಎಂದು ಅಂದಾಜಿಸಿದೆವು. ವೈದ್ಯರು ಹೇಳಿದಂತೆ ರಾತ್ರಿಯ ಊಟ ಮರಳಿ ಆರಂಭವಾಯಿತು. ಉಂಡೆ ಮೂರರಿಂದ ಒಂದಕ್ಕೆ ಇಳಿಯಿತು. ಚಹಾದ ಸಕ್ಕರೆ ಅರ್ಧವಾಯಿತು. ಸಂಜೆಯ ನಡಿಗೆ ಸೇರಿತು. ಮುಂದಿನ ತಿಂಗಳು ಅವಳ ತೂಕ ಒಂದೂವರೆ ಕಿ.ಗ್ರಾಂ ಇಳಿದಿತ್ತು. ಕೂಸಿನದು 600 ಗ್ರಾಂ ಏರಿತ್ತು. ದೂರವಾಣಿಯಲ್ಲಿ ಅವಳು ಮೊದಲು ಹೇಳಿದ್ದು ಎರಡನೆಯ ಸಂಖ್ಯೆಯನ್ನು.