ಹಾರ್ಮೋನುಗಳು ಮತ್ತು ಮಾನವನ ಆಕ್ರಮಣಶೀಲ ವರ್ತನೆ

ಮಾನವನ ಆಕ್ರಮಣಶೀಲ ವರ್ತನೆಗೂ ಹಾರ್ಮೋನುಗಳಿಗೂ ಸಂಬಂಧವಿದೆ. ಆದರೆ ಅದು ಜನಸಾಮಾನ್ಯರು ಭಾವಿಸಿರುವಷ್ಟು ನೇರವಾದುದಲ್ಲ. ಈ ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಟೆಸ್ಟೊಸ್ಟೆರಾನ್. ಇದು ಪುರುಷರಲ್ಲಿ ಮುಖ್ಯವಾಗಿ ವೃಷಣಗಳಲ್ಲಿಯೂ, ಸ್ತ್ರೀಯರಲ್ಲಿ ಅಲ್ಪ ಪ್ರಮಾಣದಲ್ಲಿ ಅಂಡಾಶಯ ಹಾಗೂ ಅಡ್ರಿನಲ್ ಗ್ರಂಥಿಗಳಿಂದಲೂ ಉತ್ಪತ್ತಿಯಾಗುತ್ತದೆ.

ಹಿನ್ನೆಲೆ

ವೃಷಣಕ್ಕೂ ಸ್ವಭಾವಕ್ಕೂ ಇರುವ ನಂಟು ಪಶುಪಾಲಕರಿಗೆ ಬಹು ಹಿಂದೆಯೇ ತಿಳಿದಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತರು ಹಳ್ಳಿಕಾರ್ ತಳಿಯ ಹೋರಿಗಳಿಗೆ ಬೀಜ ಒಡೆಸಿ, ಉಳುಮೆಗೂ ಕಬ್ಬಿನ ಗಾಡಿಗೂ ಪಳಗಿಸುತ್ತಾ ಬಂದಿದ್ದಾರೆ. ಬೀಜದ ಹೋರಿಗಿಂತ ಎತ್ತು ಸೌಮ್ಯವಾದುದು. ಈ ನಂಟನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಜರ್ಮನಿಯ ಆರ್ನಾಲ್ಡ್ ಬರ್ಥೋಲ್ಡ್ ಮೊದಲಿಗರು. 1849ರಲ್ಲಿ ಅವರು ಹುಂಜಗಳ ವೃಷಣಗಳನ್ನು ತೆಗೆದಾಗ ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು. ವೃಷಣವನ್ನು ಹೊಟ್ಟೆಯೊಳಗೆ ಮರಳಿ ನಾಟಿ ಮಾಡಿದಾಗ ಹಳೆಯ ಸ್ವಭಾವ ಮರುಕಳಿಸಿತು. ಟೆಸ್ಟೊಸ್ಟೆರಾನನ್ನು ಪ್ರತ್ಯೇಕಿಸಿದ್ದು 1935ರಲ್ಲಿ.

ಮಾನವರಲ್ಲಿ

ಹೋರಿ, ಹುಂಜಗಳ ಮೇಲಿನ ಈ ಅನುಭವವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. ಹೊಡೆಯುವುದು, ಕಚ್ಚುವುದು ಮುಂತಾದ ವರ್ತನೆಗಳು ಅತಿ ಹೆಚ್ಚಾಗಿ ಕಾಣುವುದು ಸುಮಾರು 2ರಿಂದ 4 ವರ್ಷದ ಮಕ್ಕಳಲ್ಲಿ. ಆಗ ಟೆಸ್ಟೊಸ್ಟೆರಾನ್ ಅತ್ಯಲ್ಪವಾಗಿರುತ್ತದೆ. ಹದಿಹರೆಯದಲ್ಲಿ ಅದು ಹುಡುಗರಲ್ಲಿ ಹಲವು ಪಟ್ಟು ಏರಿದರೂ ಬಹುಪಾಲು ಹುಡುಗರು ಹೊಡೆದಾಟಕ್ಕೆ ಇಳಿಯುವುದಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯಲ್ಲಿ, ಪೂರ್ಣ ಸಂಬಂಧವನ್ನು 1 ಎಂದು ಗಣಿಸುವ ಅಳತೆಯಂತೆ, ಟೆಸ್ಟೊಸ್ಟೆರಾನ್ ಮಟ್ಟಕ್ಕೂ ಆಕ್ರಮಣಶೀಲತೆಗೂ ಇರುವ ಸಂಬಂಧ ಸುಮಾರು 0.05 ಮಾತ್ರ. ‘ಬಿಸಿರಕ್ತ’ವೆಂದು ಯುವಕರ ಹಿಂಸೆಯನ್ನು ಮನ್ನಿಸುವ ರೂಢಿಗೆ ಇಲ್ಲಿ ಆಧಾರ ಸಿಗದು.

ಸಂಬಂಧ ಏಕಮುಖವೂ ಅಲ್ಲ. ಸ್ಪರ್ಧೆ, ಸವಾಲುಗಳು ಎದುರಾದಾಗ ಟೆಸ್ಟೊಸ್ಟೆರಾನ್ ಏರಬಹುದು. ಅಂದರೆ ವರ್ತನೆಯೂ ಹಾರ್ಮೋನನ್ನು ಬದಲಿಸುತ್ತದೆ. ಫಿಲಿಪ್ಪೀನ್ಸ್‌ನ 624 ಪುರುಷರನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂದೆಯಾದವರ ಟೆಸ್ಟೊಸ್ಟೆರಾನ್ ಇಳಿದಿತ್ತು. ದಿನವೂ ಹೆಚ್ಚು ಹೊತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅದು ಇನ್ನೂ ಕಡಿಮೆಯಿತ್ತು.

ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಅಮಿಗ್ಡಲ ಭಾಗದ ಮೇಲೆ ಈ ಹಾರ್ಮೋನು ಪ್ರಭಾವ ಬೀರುತ್ತದೆ. ಹಣೆಯ ಹಿಂಬದಿಯ ಮುಂಮಿದುಳು ಆವೇಗವನ್ನು ತಡೆಹಿಡಿಯುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕಡಿಮೆಯಿದ್ದಾಗ ಟೆಸ್ಟೊಸ್ಟೆರಾನಿನ ಪರಿಣಾಮ ಹೆಚ್ಚೆಂಬ ವಾದವಿದ್ದರೂ ಫಲಿತಾಂಶಗಳು ಒಂದೇ ತೆರನಾಗಿಲ್ಲ.

ನಂಬಿಕೆಯ ಪಾತ್ರ

2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು ಸುಮಾರು 120 ಮಹಿಳೆಯರಲ್ಲಿ ಕೆಲವರಿಗೆ ಟೆಸ್ಟೊಸ್ಟೆರಾನ್, ಉಳಿದವರಿಗೆ ಹುಸಿ ಔಷಧ ನೀಡಿ ಹಣ ಹಂಚಿಕೊಳ್ಳುವ ಆಟವಾಡಿಸಿದರು. ಹಾರ್ಮೋನು ಪಡೆದವರು ಹೆಚ್ಚು ನ್ಯಾಯಯುತವಾಗಿ ಹಂಚಿದರು. ಅನ್ಯಾಯವಾಗಿ ಹಂಚಿದವರು, ತಮಗೆ ಸಿಕ್ಕಿದ್ದು ಏನೇ ಆಗಿರಲಿ, ಟೆಸ್ಟೊಸ್ಟೆರಾನನ್ನೇ ಪಡೆದಿದ್ದೇವೆಂದು ನಂಬಿದ್ದವರು.