ಗೋಕರ್ಣದಿಂದ ಕುಮಟೆಗೆ ಕಾಲ್ನಡಿಗೆ: ನಂಬಿದ್ದೇನು, ಇರುವುದೇನು

ಬೆನ್ನಿಗೊಂದು ಚೀಲ ಏರಿಸಿಕೊಂಡು ಗೋಕರ್ಣದಿಂದ ಕುಮಟೆಯವರೆಗೆ ಕಡಲಂಚಿನಲ್ಲೇ ನಡೆದುಬಿಡಬೇಕು ಎಂಬುದು ಈಗ ಬೆಂಗಳೂರು, ಹುಬ್ಬಳ್ಳಿಯ ಎಷ್ಟೋ ಹುಡುಗ ಹುಡುಗಿಯರ ಆಸೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಗೋಕರ್ಣ. ಆಸೆ ಒಳ್ಳೆಯದೇ, ನಮ್ಮ ನಾಡಿನಲ್ಲಿ ಇಷ್ಟು ಚಂದದ ನಡಿಗೆಯ ದಾರಿಗಳು ಹೆಚ್ಚಿಲ್ಲ. ಆದರೆ ಮೊಬೈಲಿನಲ್ಲಿ ನೋಡಿದ ಚಿತ್ರಗಳಿಂದ ಕಟ್ಟಿಕೊಂಡ ನಂಬಿಕೆಗಳನ್ನೂ ಚೀಲದ ಜೊತೆ ಹೊತ್ತು ತರುವವರೇ ಜಾಸ್ತಿ. ಅವುಗಳಲ್ಲಿ ಕೆಲವು ದಣಿವು ತಂದು ಸುಮ್ಮನಾಗುತ್ತವೆ, ಕೆಲವು ಜೀವಕ್ಕೇ ಎರವಾಗುತ್ತವೆ.

ಮೊದಲನೆಯದು, ಇದು ಮಟ್ಟಸವಾದ ದಾರಿ, ಸಮುದ್ರವನ್ನು ಬಲಗಡೆಗೆ ಇಟ್ಟುಕೊಂಡು ನಡೆಯುತ್ತಾ ಹೋದರಾಯಿತು ಎಂಬುದು. ದಾರಿ ಮಟ್ಟಸವಾಗಿಲ್ಲ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಕರೆಯುವ ಒಂದೊಂದು ತೀರದ ನಡುವೆಯೂ ಗುಡ್ಡವೊಂದು ಕಡಲಿಗೆ ಚಾಚಿಕೊಂಡಿದೆ. ಒಂದು ತೀರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹತ್ತಿ ಇಳಿಯಲೇಬೇಕು. ಗುಡ್ಡದ ಬೋಳು ನೆತ್ತಿಯಲ್ಲಿ ಮರದ ನೆರಳಿಲ್ಲ, ಕಾದ ಕಲ್ಲಿನ ಮೇಲೆ ಬರಿಗಾಲು ಇಡುವ ಹಾಗಿಲ್ಲ. ಆಮೇಲೆ ತದಡಿಯಲ್ಲಿ ಅಘನಾಶಿನಿ ಅಡ್ಡ ಬರುತ್ತದೆ. ಹೆದ್ದಾರಿಯ ಸೇತುವೆ ಇರುವುದು ಬಹಳ ಒಳಗೆ, ಮಿರ್ಜಾನದ ಕಡೆ. ಹಾಗಾಗಿ ದೋಣಿಯನ್ನೇ ನೆಚ್ಚಿಕೊಳ್ಳಬೇಕು, ಕತ್ತಲಾಗುವುದರೊಳಗೆ ನದಿ ದಾಟಿರಬೇಕು.

ಮರಳಿನ ವಿಷಯವೂ ಹಾಗೆಯೇ. ಒಣ ಮರಳಿನಲ್ಲಿ ಹೆಜ್ಜೆ ಹೂತು ಜಾರುತ್ತದೆ, ನಾವು ಹಾಕಿದ ಶಕ್ತಿಯ ದೊಡ್ಡ ಪಾಲು ಮರಳನ್ನು ಸರಿಸುವುದಕ್ಕೇ ಹೋಗುತ್ತದೆ. ಗಟ್ಟಿ ನೆಲದ ಮೇಲಿನ ಅದೇ ವೇಗದ ನಡಿಗೆಗೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕೆಂದು ಅಳೆದು ನೋಡಿದವರು ಹೇಳಿದ್ದಾರೆ. ಊರಿನಲ್ಲಿ ದಿನಕ್ಕೆ 20 ಕಿಲೋಮೀಟರ್ ನಡೆಯಬಲ್ಲವರೂ ಇಲ್ಲಿ ಅದರ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಬೇಕು. ನೀರು ಆಗಷ್ಟೇ ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ನಡೆಯಲು ಹಿತ. ಅದು ಸಿಗುವುದು ಇಳಿತದ ಹೊತ್ತಿನಲ್ಲಿ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬೆಳಿಗ್ಗೆ ಕಂಡ ದಂಡೆ ಸಂಜೆಗೂ ಅಷ್ಟೇ ಅಗಲ ಇರುತ್ತದೆಂದು ಭಾವಿಸಿ, ಬಂಡೆಗಳ ಬುಡದಲ್ಲಿ ಸುತ್ತಿ ಆಚೆಯ ತೀರಕ್ಕೆ ಹೋಗುತ್ತಾರೆ. ವಾಪಸು ಬರುವಾಗ ಅಲ್ಲಿ ದಾರಿಯೇ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಹೊರಟರೆ ಅರ್ಧ ಜಾಗ್ರತೆ ವಹಿಸಿದಂತೆ. ಇನ್ನರ್ಧಕ್ಕೆ ದಂಡೆಯಲ್ಲಿ ಬಲೆ ಸರಿಮಾಡುತ್ತ ಕುಳಿತ ಮೀನುಗಾರರನ್ನು ಕೇಳಬೇಕು.

ಈಜು ಬಂದವರಿಗೆ ಸಮುದ್ರದ ಭಯವಿಲ್ಲ ಎಂಬ ನಂಬಿಕೆಯ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ನಮ್ಮ ತೀರಗಳಲ್ಲಿ ಎಳೆಯ ಪ್ರಾಣಗಳು ಮತ್ತೆ ಮತ್ತೆ ಹೋಗುತ್ತಿವೆ. ಸುಳಿ ಕಾಲು ಹಿಡಿದು ಕೆಳಕ್ಕೆ ಎಳೆಯುತ್ತದೆ ಎಂದು ಜನ ಹೇಳುತ್ತಾರೆ. ನಿಜವಾಗಿ ನಡೆಯುವುದು ಬೇರೆ. ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಕ್ಕೆ ಹೋಗಬೇಕಲ್ಲ, ಅದು ಮರಳದಿಣ್ಣೆಗಳ ನಡುವಿನ ಇಕ್ಕಟ್ಟಾದ ಕಾಲುವೆಯೊಂದನ್ನು ಹುಡುಕಿಕೊಂಡು ರಭಸದಿಂದ ಹೊರಗೆ ಹರಿಯುತ್ತದೆ. ಈ ಸೆಳೆತ ಮನುಷ್ಯನನ್ನು ಮುಳುಗಿಸುವುದಿಲ್ಲ, ದೂರ ಒಯ್ಯುತ್ತದೆ. ಗಾಬರಿಯಾದವರು ದಡ ನೋಡಿಕೊಂಡು ನೇರ ಎದುರಿಗೆ ಈಜುತ್ತಾರೆ, ಸೋತು ಮುಳುಗುತ್ತಾರೆ. ಬಲವಾದ ಸೆಳೆತದ ವೇಗ ಸೆಕೆಂಡಿಗೆ 2 ಮೀಟರಿನಷ್ಟಿರಬಹುದು. 100 ಮೀಟರ್ ಸ್ಪರ್ಧೆಯಲ್ಲಿ ಒಲಿಂಪಿಕ್ಸ್ ಈಜುಗಾರರ ವೇಗವೂ ಹೆಚ್ಚುಕಡಿಮೆ ಇಷ್ಟೇ. ಕೆರೆಯಲ್ಲಿ, ಈಜುಕೊಳದಲ್ಲಿ ಕಲಿತ ಈಜು ಇದರೆದುರು ಯಾವ ಲೆಕ್ಕ?

ಎಲ್ಲಕ್ಕಿಂತ ಅಪಾಯದ ತಪ್ಪೆಂದರೆ ಜಾಗದ ಆಯ್ಕೆ. ಎರಡೂ ಕಡೆ ಅಲೆ ಒಡೆದು ನೊರೆ ಎದ್ದಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಇಳಿಯುತ್ತಾರೆ. ನೀರು ಹೊರಗೆ ಹರಿಯುವ ಕಾಲುವೆ ಇರುವುದು ಹೆಚ್ಚಾಗಿ ಅಲ್ಲೇ. ಸಿಕ್ಕಿಬಿದ್ದರೆ ಮೊದಲು ತೇಲಿ, ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಯ ಜೊತೆ ಓರೆಯಾಗಿ ದಡದತ್ತ ಬನ್ನಿ. ಗೆಳೆಯ ಸಿಕ್ಕಿಕೊಂಡಾಗ ಹಿಂದುಮುಂದು ನೋಡದೆ ನೀರಿಗೆ ಹಾರಿ, ಒಂದು ಸಾವು ಎರಡಾಗುವುದೂ ಇದೆ. ಹಾರಬೇಡಿ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ, ಮೀನುಗಾರರನ್ನು ಕರೆಯಿರಿ.

ಬಿಸಿಲಿನ ಬಗ್ಗೆ ಬಯಲುಸೀಮೆಯವರಿಗೆ ಒಂದು ಧೈರ್ಯವಿದೆ, ನಮ್ಮ ಕಲಬುರಗಿಯ 42 ಡಿಗ್ರಿಯ ಮುಂದೆ ಇಲ್ಲಿನ 33 ಏನು ಮಹಾ ಎಂದು. ಮೈ ತಣಿಯುವುದು ಬೆವರು ಆರಿದಾಗ. ಕರಾವಳಿಯ ಗಾಳಿಯಲ್ಲಿ ನೀರಿನಂಶ ತುಂಬಿರುವುದರಿಂದ ಬೆವರು ಆರದೆ ಸುರಿಯುತ್ತದೆ, ಮೈಯೊಳಗಿನ ಬಿಸಿ ಒಳಗೇ ಉಳಿಯುತ್ತದೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಎಳನೀರು ಕುಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ಅರ್ಧ ನಿಜ. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಬೆವರಿನಲ್ಲಿ ಕಳೆದುಹೋಗುವ ಸೋಡಿಯಂ ಕಡಿಮೆ. ಉಪ್ಪು ಹಾಕಿದ ಗಂಜಿ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ ಈ ನೆಲದ ಊಟವಾಗಿರುವುದು ಸುಮ್ಮನೆ ಅಲ್ಲ. ಎಳನೀರು ಕುಡಿಯಿರಿ, ಜೊತೆಗೆ ಚೀಲದಲ್ಲಿ ಓಆರ್‌ಎಸ್ ಪುಡಿ ಇರಲಿ.

ಅಂಬಲಿ ಮೀನು ಸೋಕಿ ಉರಿಯೆದ್ದರೆ ಮೂತ್ರ ಹಾಕಬೇಕೆನ್ನುವುದು ಸುಳ್ಳು. ಸಿಹಿನೀರನ್ನೂ ಹಾಕಬೇಡಿ, ಸಮುದ್ರದ ನೀರಿನಲ್ಲೇ ತೊಳೆಯಿರಿ, ಉಜ್ಜಬೇಡಿ. ತೊರಕೆ ಮೀನಿನ ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲು ಇಟ್ಟುಕೊಂಡರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರಲ್ಲಿಗೆ ಹೋಗಲೇಬೇಕು.

ಮಳೆಗಾಲದಲ್ಲಿ ಕರಾವಳಿ ಚಂದ, ನೆನೆಯಲು ಹೆದರದವರು ಹೋಗಬಹುದು ಎನ್ನುತ್ತಾರೆ. ಚಂದ ಹೌದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನೂ ಗಂಗಾವಳಿ ನದಿಯ ದಂಡೆಯಲ್ಲಿದ್ದವರನ್ನೂ ಬಲಿ ತೆಗೆದುಕೊಂಡಿತು. ಆ ತಿಂಗಳುಗಳಲ್ಲಿ ಇಲ್ಲಿ ಕಾಲ್ನಡಿಗೆ ಬೇಡ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಡಲೂರಿನಲ್ಲಿ ಯಾವಾಗಲೂ ತಾಜಾ ಮೀನು ಎಂಬುದೂ ಆಗ ನಡೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅದು ಮೀನು ಮರಿ ಮಾಡುವ ಕಾಲ. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ನಡಿಗೆಗೆ ಒಳ್ಳೆಯವು. ಕಾಲು ಸೋತರೆ ಅವಮಾನವೇನಿಲ್ಲ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಪಕ್ಕದಲ್ಲೇ ಇದೆ, ಕುಮಟೆಯಲ್ಲಿ, ಹೊನ್ನಾವರದಲ್ಲಿ ಹತ್ತಬಹುದು.

ಕೊನೆಯ ತಪ್ಪು ಕಲ್ಪನೆ ಅಪಾಯದ್ದಲ್ಲ, ನಷ್ಟದ್ದು. ಬೀಚುಗಳನ್ನು ನೋಡಿದರೆ ಕರಾವಳಿ ನೋಡಿದಂತೆ ಎಂದುಕೊಂಡು ಎಷ್ಟೋ ಮಂದಿ ಅಘನಾಶಿನಿಯನ್ನು ಬರೀ ದಾಟಿ ಹೋಗುತ್ತಾರೆ. ಶಿರಸಿಯ ಕಡೆಯ ಮಲೆನಾಡಿನಲ್ಲಿ ಹುಟ್ಟಿ ದೊಡ್ಡ ಅಣೆಕಟ್ಟು ಯಾವುದೂ ಇಲ್ಲದೆ ಕಡಲು ಸೇರುವ ನದಿ ಇದು. ಇದರ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮನ್ನಣೆ ಸಿಕ್ಕಿತು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಬೇರೆ ಭತ್ತ ಸುಟ್ಟುಹೋಗುವ ಉಪ್ಪನ್ನು ಅದು ತಾಳಿಕೊಳ್ಳುತ್ತದೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಸೊಂಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ, ಸಾವಿರಾರು ಮನೆಗಳ ಅನ್ನ ಅದರಲ್ಲಿದೆ. ಅವಸರದ ನಡಿಗೆಯಲ್ಲಿ ಇದು ಕಣ್ಣಿಗೆ ಬೀಳದು, ಇದಕ್ಕಾಗಿಯೇ ಅರ್ಧ ದಿನ ಎತ್ತಿಡಿ. ಗಜನಿಯ ಕಟ್ಟೆ ಏರುವ ಮುಂಚೆ ಗದ್ದೆಯವರನ್ನು ಕೇಳಿ. ಕಟ್ಟೆ ಒಡೆದರೆ ಉಪ್ಪುನೀರು ತಡೆಯಿಲ್ಲದೆ ಗದ್ದೆಗೆ ನುಗ್ಗುತ್ತದೆ.